ಸರ್ವರ್ ಓಡುತ್ತಿದೆ, ಸಿನಿಮಾ ಓಡುತ್ತಿಲ್ಲ: ಜೆಲ್ಲಿಫಿನ್ ದೋಷ ನಿವಾರಣೆ ಕೈಪಿಡಿ

ಜೆಲ್ಲಿಫಿನ್ ಅಂದರೆ ನಿಮ್ಮ ಕಂಪ್ಯೂಟರಿನಲ್ಲಿರುವ ಸಿನಿಮಾಗಳನ್ನು ಮನೆಯ ಟಿವಿ, ಮೊಬೈಲುಗಳಿಗೆ ಕಳಿಸಿಕೊಡುವ ಮೀಡಿಯಾ ಸರ್ವರ್. ಅದು ಇನ್‌ಸ್ಟಾಲ್ ಆಗುವಾಗ ಸಾಮಾನ್ಯವಾಗಿ ಒಂದೂ ತಕರಾರು ಬರುವುದಿಲ್ಲ. ಬ್ರೌಸರಿನಲ್ಲಿ ಸೆಟಪ್ ಪುಟ ತೆರೆಯುತ್ತದೆ, ಹೆಸರು ಪಾಸ್‌ವರ್ಡ್ ಕೊಡುತ್ತೀರಿ, ಸಿನಿಮಾಗಳಿರುವ ಫೋಲ್ಡರ್ ತೋರಿಸುತ್ತೀರಿ, ಸ್ಕ್ಯಾನ್ ಮುಗಿಯಿತು ಅಂತಲೂ ಅದು ಹೇಳುತ್ತದೆ. ಒಳಗೆ ಹೋಗಿ ನೋಡಿದರೆ ಲೈಬ್ರರಿ ಖಾಲಿ. ಫೈಲ್ ಮ್ಯಾನೇಜರಿನಲ್ಲಿ ಅದೇ ಫೋಲ್ಡರ್ ತೆರೆದರೆ ಫೈಲುಗಳೆಲ್ಲ ಕಣ್ಣೆದುರಿಗೇ ಇವೆ.

ಮೊದಲ ಸಲ ಹೀಗಾದಾಗ ನಾನೂ ಎಲ್ಲರೂ ಮಾಡುವುದನ್ನೇ ಮಾಡಿದೆ: ಅಳಿಸಿ ಮತ್ತೆ ಹಾಕಿದೆ. ಬರಲಿಲ್ಲ. ಮತ್ತೆ ಅಳಿಸಿ ಮತ್ತೆ ಹಾಕಿದೆ. ಮೂರನೆಯ ಸಲ ಹಳೆಯ ವರ್ಶನ್ ಹುಡುಕಿ ತಂದು ಹಾಕಿದೆ. ಇಡೀ ಭಾನುವಾರ ಹೋಯಿತು. ಸಂಜೆ ಸುಸ್ತಾಗಿ, ಸರ್ವರ್ ತನ್ನ ಕೆಲಸವನ್ನೆಲ್ಲ ಬರೆದಿಡುವ ಲಾಗ್ ತೆರೆದೆ. ಬೆಳಿಗ್ಗೆಯಿಂದ ಅದೇ ಒಂದು ಸಾಲು ಅಲ್ಲಿ ಮತ್ತೆ ಮತ್ತೆ ಬಂದಿತ್ತು. ಲೈಬ್ರರಿಯ ಫೋಲ್ಡರ್ ಕೈಗೆ ಸಿಗುತ್ತಿಲ್ಲ ಅಥವಾ ಖಾಲಿ ಇದೆ, ಬಿಟ್ಟು ಮುಂದೆ ಹೋಗುತ್ತಿದ್ದೇನೆ ಎಂದು. ನನಗೆ ಕಾಣುತ್ತಿದ್ದದ್ದು ಸರ್ವರ್‌ಗೆ ಕಾಣುತ್ತಿರಲಿಲ್ಲ, ಅಷ್ಟೇ.

ಆಮೇಲಿನ ವರ್ಷಗಳಲ್ಲಿ ಕಂಡ ದೋಷಗಳಲ್ಲಿ ಮುಕ್ಕಾಲು ಪಾಲು ಇದೇ ಜಾತಿಯವು. ಸರ್ವರ್ ನಿಮ್ಮ ಕಂಪ್ಯೂಟರಿನೊಳಗೇ ಇದ್ದರೂ ಅದು ನೀವಲ್ಲ. ಅದಕ್ಕೆ ತನ್ನದೇ ಯೂಸರ್ ಹೆಸರಿದೆ, ತನ್ನದೇ ಹಕ್ಕುಗಳಿವೆ. ಡಾಕರ್‌ನಲ್ಲಿ (ಪ್ರೋಗ್ರಾಮನ್ನು ಕಂಟೈನರ್ ಎಂಬ ಪ್ರತ್ಯೇಕ ಪೆಟ್ಟಿಗೆಯೊಳಗೆ ಓಡಿಸುವ ವ್ಯವಸ್ಥೆ) ಹಾಕಿದ್ದರೆ ಅದಕ್ಕೆ ಬೇರೆಯದೇ ಫೋಲ್ಡರ್ ವ್ಯವಸ್ಥೆ ಇದೆ. ಇನ್ನು ಟಿವಿಯೋ ಮೊಬೈಲೋ ಇದನ್ನೆಲ್ಲ ಇನ್ನೊಂದು ಕಡೆಯಿಂದ ನೋಡುತ್ತದೆ. ಯಾರಿಗೆ ಕಾಣುತ್ತಿಲ್ಲವೋ ಅವರು ನಿಂತಿರುವಲ್ಲಿಗೇ ಹೋಗಿ ನೋಡಿದರೆ ಕಾರಣ ಬೇಗ ಸಿಗುತ್ತದೆ. ಕೆಳಗಿನ ಪರೀಕ್ಷೆಗಳನ್ನೆಲ್ಲ ಈ ಲೆಕ್ಕದಲ್ಲೇ ಜೋಡಿಸಿದ್ದೇನೆ.

ಜೆಲ್ಲಿಫಿನ್ ಹುಟ್ಟಿದ್ದು 2018ರ ಡಿಸೆಂಬರಿನಲ್ಲಿ, ಎಂಬಿ ಎಂಬ ಇನ್ನೊಂದು ಮೀಡಿಯಾ ಸರ್ವರ್ ತನ್ನ ಸೋರ್ಸ್ ಕೋಡ್ ಮುಚ್ಚಿಕೊಂಡಾಗ ಅದರಿಂದ ಕವಲೊಡೆದು. ಹಾಗಾಗಿ ಎಂಬಿ ಬಳಸುವವರಿಗೂ ಇಲ್ಲಿನ ಬಹುಪಾಲು ಹೊಂದುತ್ತದೆ. ಪ್ಲೆಕ್ಸ್ ಎಂಬ ಇಂಥದ್ದೇ ಸರ್ವರ್ ಬಳಸುವವರು ಪೋರ್ಟ್ ಸಂಖ್ಯೆ (ಯಂತ್ರದಲ್ಲಿ ಆ ಪ್ರೋಗ್ರಾಂ ಕುಳಿತಿರುವ ಬಾಗಿಲಿನ ನಂಬರು) 32400 ಎಂದು ಓದಿಕೊಳ್ಳಲಿ. ಕಮಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಟರ್ಮಿನಲ್ಲಿನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ಉದಾಹರಣೆಗಳು ಲಿನಕ್ಸಿನವು, ವಿಂಡೋಸ್ ಮಾತು ಬರುವಲ್ಲಿ ಬರುತ್ತದೆ.

ಸರ್ವರ್ ಎದ್ದಿದೆಯೇ?

ಬ್ರೌಸರಿನಲ್ಲಿ ಪುಟ ತೆರೆಯಲಿಲ್ಲ ಅಂದರೆ ಸರ್ವರ್ ಸತ್ತಿದೆ ಅಂದುಕೊಳ್ಳಬೇಡಿ. ಮೊದಲು ಸರ್ವರ್ ಇರುವ ಯಂತ್ರದ ಮುಂದೆಯೇ ಕುಳಿತು 'ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಜೆಲ್ಲಿಫಿನ್' ಕೊಡಿ. ಹಸಿರು ಬಣ್ಣದಲ್ಲಿ 'ಆ್ಯಕ್ಟಿವ್, ರನ್ನಿಂಗ್' ಅಂತ ಬಂದರೆ ಪ್ರೋಗ್ರಾಂ ಜೀವಂತ ಇದೆ. ಅದು ಮಾತಾಡುತ್ತಿದೆಯೇ ಎಂದು ತಿಳಿಯಲು ಅದೇ ಯಂತ್ರದಲ್ಲಿ 'ಕರ್ಲ್' ಬರೆದು, ಲೋಕಲ್‌ಹೋಸ್ಟ್‌ನ 8096ನೇ ಪೋರ್ಟಿನ 'ಹೆಲ್ತ್' ವಿಳಾಸ ಕೇಳಿ. 'ಹೆಲ್ತಿ' ಎಂಬ ಒಂದೇ ಪದ ವಾಪಸ್ ಬರಬೇಕು. ಬಂತೆಂದರೆ ಸರ್ವರ್ ಕಡೆ ತಪ್ಪಿಲ್ಲ, ಮುಂದಿನ ಭಾಗಕ್ಕೆ ಹೋಗಿ.

'ಫೇಲ್ಡ್' ಅಂತ ಕೆಂಪಗೆ ಬಂದರೆ 'ಜರ್ನಲ್‌ಸಿಟಿಎಲ್' ಕಮಾಂಡಿಗೆ ಜೆಲ್ಲಿಫಿನ್ ಯೂನಿಟ್ಟಿನ ಹೆಸರು ಕೊಟ್ಟು ಕೊನೆಯ ಐವತ್ತು ಸಾಲು ಓದಿ. ಹೆಚ್ಚಾಗಿ ಕಾಣುವುದು ಎರಡು ಕಾರಣ. ಒಂದು, 8096ರಲ್ಲಿ ಈಗಾಗಲೇ ಬೇರೊಬ್ಬರು ಕುಳಿತಿದ್ದಾರೆ. ಎಂಬಿಯ ಡೀಫಾಲ್ಟ್ ಪೋರ್ಟ್ ಕೂಡ 8096ಯೇ. ಎಂಬಿಯಿಂದ ಜೆಲ್ಲಿಫಿನ್‌ಗೆ ಬಂದವರು ಹಳೆಯದನ್ನು ನಿಲ್ಲಿಸದೆ ಹೊಸದನ್ನು ಹಾಕಿದರೆ ಅಣ್ಣತಮ್ಮಂದಿರ ಜಗಳ ಖಚಿತ. 'ಎಸ್‌ಎಸ್' ಕಮಾಂಡಿಗೆ ಟಿ, ಎಲ್, ಎನ್, ಪಿ ಆಯ್ಕೆಗಳನ್ನು ಸೇರಿಸಿ ಸುಡೋ (ಅಡ್ಮಿನ್ ಹಕ್ಕು ಕೊಡುವ ಕಮಾಂಡ್) ಜೊತೆ ಓಡಿಸಿದರೆ ಯಾವ ಪೋರ್ಟಿನಲ್ಲಿ ಯಾರಿದ್ದಾರೆ ಎಂದು ಹೆಸರು ಸಮೇತ ಹೇಳುತ್ತದೆ. ಇನ್ನೊಂದು ಕಾರಣ, ಬ್ಯಾಕಪ್ಪಿನಿಂದ ಡೇಟಾ ಫೋಲ್ಡರನ್ನು ಸುಡೋ ಹಾಕಿ ನಕಲು ಮಾಡಿದ್ದು. ಫೈಲುಗಳೆಲ್ಲ ರೂಟ್ ಎಂಬ ಅಡ್ಮಿನ್ ಯೂಸರಿನ ಹೆಸರಿಗೆ ಹೋಗಿರುತ್ತವೆ, ಜೆಲ್ಲಿಫಿನ್ ತನ್ನದೇ ಡೇಟಾಬೇಸ್ ತೆರೆಯಲಾಗದೆ ಬೀಳುತ್ತದೆ. 'ಸಿಎಚ್‌ಓನ್' ಕಮಾಂಡಿನಿಂದ ಡೇಟಾ ಮತ್ತು ಕಾನ್ಫಿಗ್ ಫೋಲ್ಡರುಗಳನ್ನು ಮತ್ತೆ ಜೆಲ್ಲಿಫಿನ್ ಯೂಸರಿನ ಹೆಸರಿಗೆ ಬರೆದರೆ ಸರಿಹೋಗುತ್ತದೆ.

ಇದೇ ಜಾಗದಲ್ಲಿ ಒಂದು ಮಾತು: ಸಿನಿಮಾ ಫೈಲುಗಳನ್ನು ಬೇಕಾದರೆ ನೆಟ್‌ವರ್ಕ್ ಡ್ರೈವಿನಲ್ಲಿಡಿ, ಆದರೆ ಜೆಲ್ಲಿಫಿನ್‌ನ ಡೇಟಾಬೇಸ್ ಇರುವ ಫೋಲ್ಡರನ್ನು ಇಡಬೇಡಿ. ಅದು ಎಸ್‌ಕ್ಯೂಲೈಟ್, ಫೈಲಿಗೆ ಬೀಗ ಹಾಕಿ ತೆಗೆದು ಕೆಲಸ ಮಾಡುವ ಡೇಟಾಬೇಸ್. ನೆಟ್‌ವರ್ಕ್ ಶೇರ್‌ಗಳಲ್ಲಿ ಆ ಬೀಗ ನಂಬುವ ಹಾಗಿಲ್ಲ. 'ಡೇಟಾಬೇಸ್ ಈಸ್ ಲಾಕ್ಡ್' ಅಂತ ಲಾಗ್ ತುಂಬ ಬರುತ್ತಿದ್ದರೆ ಮೊದಲು ಅದು ಎಲ್ಲಿದೆ ನೋಡಿ.

ಇಲ್ಲಿ ತೆರೆಯುತ್ತದೆ, ಟಿವಿಯಲ್ಲಿ ತೆರೆಯುವುದಿಲ್ಲ

ಸರ್ವರ್ ಯಂತ್ರದಲ್ಲಿ ಲೋಕಲ್‌ಹೋಸ್ಟ್ ಎಂದು ಹೊಡೆದರೆ ಪುಟ ಬರುತ್ತದೆ. ಅದನ್ನೇ ಟಿವಿಯ ಆ್ಯಪಿನಲ್ಲಿ ಹೊಡೆದರೆ ಬರುವುದಿಲ್ಲ. ಬರಬಾರದು ಕೂಡ. ಲೋಕಲ್‌ಹೋಸ್ಟ್ ಅಂದರೆ 'ನಾನು' ಎಂದರ್ಥ. ಟಿವಿಯಲ್ಲಿ ಹೊಡೆದರೆ ಟಿವಿ ತನ್ನೊಳಗೇ ಸರ್ವರ್ ಹುಡುಕುತ್ತದೆ. ಸರ್ವರಿನ ಐಪಿ ವಿಳಾಸ ಬೇಕು. 'ಐಪಿ ಎ' ಕಮಾಂಡ್ ಕೊಟ್ಟರೆ ಸಿಗುತ್ತದೆ, 192.168 ಇಂದ ಶುರುವಾಗುವುದೇ ಹೆಚ್ಚು. ಅದರ ಮುಂದೆ ಕೋಲನ್, 8096.

ಬ್ರೌಸರುಗಳು ಈಗ ತಾವಾಗಿಯೇ ಎಚ್‌ಟಿಟಿಪಿಎಸ್ ಸೇರಿಸಿಕೊಳ್ಳುವ ಅಭ್ಯಾಸ ಬೆಳೆಸಿಕೊಂಡಿವೆ. 8096 ಎಚ್‌ಟಿಟಿಪಿ ಮಾತ್ರ ಮಾತಾಡುವ ಪೋರ್ಟ್. 'ಸುರಕ್ಷಿತ ಸಂಪರ್ಕ ಸಾಧ್ಯವಾಗಲಿಲ್ಲ' ಎಂದು ಬಂದರೆ ವಿಳಾಸದ ಮೊದಲಿಗೆ ಒಂದು 'ಎಸ್' ಹೆಚ್ಚಾಗಿ ನುಸುಳಿದೆಯೇ ನೋಡಿ.

ಅಷ್ಟಾದರೂ ತೆರೆಯದಿದ್ದರೆ ಫೈರ್‌ವಾಲ್. ಯುಎಫ್‌ಡಬ್ಲ್ಯೂ (ಉಬುಂಟುವಿನ ಫೈರ್‌ವಾಲ್) ಇದ್ದರೆ ಟಿಸಿಪಿ 8096ನ್ನು ಬಿಡಬೇಕು. ಆ್ಯಪ್ ತಾನಾಗಿಯೇ ಸರ್ವರನ್ನು ಕಂಡುಹಿಡಿಯಬೇಕಾದರೆ ಯುಡಿಪಿ 7359 ಕೂಡ ಬೇಕು. ಅದಿಲ್ಲದಿದ್ದರೂ ವಿಳಾಸ ಕೈಯಾರೆ ಹೊಡೆದರೆ ಕೆಲಸ ನಡೆಯುತ್ತದೆ. ವಿಂಡೋಸಿನಲ್ಲಿ ನೆಟ್‌ವರ್ಕನ್ನು 'ಪಬ್ಲಿಕ್' ಎಂದು ಗುರುತು ಹಾಕಿದ್ದರೆ ಫೈರ್‌ವಾಲ್ ಬಿಗಿಯಾಗಿರುತ್ತದೆ, 'ಪ್ರೈವೇಟ್' ಮಾಡಿ ನೋಡಿ. ಡಾಕರ್ ಬಳಸುವವರಿಗೆ ಒಂದು ವಿಚಿತ್ರ ಕಾದಿರುತ್ತದೆ: ಡಾಕರ್ ತನ್ನ ಪೋರ್ಟಿನ ನಿಯಮಗಳನ್ನು ಲಿನಕ್ಸಿನ ಫೈರ್‌ವಾಲ್ ಪಟ್ಟಿಯಾದ ಐಪಿಟೇಬಲ್ಸ್‌ನಲ್ಲಿ ತಾನೇ ಬರೆದುಕೊಳ್ಳುವುದರಿಂದ ಯುಎಫ್‌ಡಬ್ಲ್ಯೂ ಮುಚ್ಚಿದ್ದರೂ ಪೋರ್ಟ್ ತೆರೆದೇ ಇರುತ್ತದೆ. ಹಾಗಾಗಿ ಡಾಕರ್‌ನಲ್ಲಿ ಟಿವಿಗೆ ಸಿಗುತ್ತಿಲ್ಲವೆಂದರೆ ಯುಎಫ್‌ಡಬ್ಲ್ಯೂ ಜೊತೆ ಗುದ್ದಾಡಬೇಡಿ. ಕಂಟೈನರಿನ ಸೆಟ್ಟಿಂಗುಗಳಿರುವ ಕಾಂಪೋಸ್ ಫೈಲಿನ ಪೋರ್ಟ್ ಸಾಲಿನಲ್ಲಿ 127.0.0.1 (ಲೋಕಲ್‌ಹೋಸ್ಟ್‌ನದೇ ಸಂಖ್ಯೆ) ಅಂತ ಬರೆದಿದ್ದೀರಾ ನೋಡಿ. ಎಲ್ಲಿಂದಲೋ ನಕಲು ಮಾಡಿ ತಂದ ಫೈಲುಗಳಲ್ಲಿ ಅದು ಇರುತ್ತದೆ.

ವೈಫೈ ಕಡೆಗೂ ಒಂದು ಕಣ್ಣಿಡಿ. ಗೆಸ್ಟ್ ನೆಟ್‌ವರ್ಕಿಗೆ ಸೇರಿದ ಟಿವಿಗೆ ಇಂಟರ್ನೆಟ್ ಸಿಗುತ್ತದೆ, ಪಕ್ಕದ ಕಂಪ್ಯೂಟರ್ ಸಿಗುವುದಿಲ್ಲ. ಕೆಲವು ರೂಟರುಗಳಲ್ಲಿ 'ಎಪಿ ಐಸೊಲೇಶನ್' ಎಂಬ ಗುಂಡಿ ಮಾಮೂಲಿ ವೈಫೈಗೂ ಇದೇ ಕೆಲಸ ಮಾಡುತ್ತದೆ. ನಿನ್ನೆವರೆಗೆ ಸರಿಯಿದ್ದು ಇವತ್ತು ಸಿಗುತ್ತಿಲ್ಲವೆಂದರೆ ಕರೆಂಟು ಹೋಗಿ ಬಂದ ಮೇಲೆ ರೂಟರ್ ಸರ್ವರಿಗೆ ಬೇರೆ ಐಪಿ ಕೊಟ್ಟಿರಬಹುದು. ರೂಟರಿನಲ್ಲಿ ಸರ್ವರಿನ ಮ್ಯಾಕ್ ವಿಳಾಸಕ್ಕೆ ಒಂದು ಐಪಿ ಕಾಯಂ ಮಾಡಿಸಿಬಿಟ್ಟರೆ ಈ ಕಾಟ ಮತ್ತೆ ಬರುವುದಿಲ್ಲ.

ಮನೆಯ ಹೊರಗಿನಿಂದ ಸಿಗುತ್ತಿಲ್ಲ ಎನ್ನುವುದು ಬೇರೆಯೇ ಕಥೆ, ಆದರೆ ಒಂದು ಪರೀಕ್ಷೆ ಹೇಳಿಬಿಡುತ್ತೇನೆ. ರೂಟರಿನ ಪುಟದಲ್ಲಿ ವ್ಯಾನ್ ಐಪಿ ಎಂದು ತೋರಿಸುವ ಸಂಖ್ಯೆ 100.64 ಇಂದ 100.127ರ ನಡುವೆ ಇದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ನಿಮ್ಮ ಹಾಗೆ ಎಷ್ಟೋ ಜನ ಒಂದೇ ಹೊರಗಿನ ವಿಳಾಸ ಹಂಚಿಕೊಂಡಿದ್ದೀರಿ. ಪೋರ್ಟ್ ಫಾರ್ವರ್ಡಿಂಗ್ ಎಷ್ಟು ತಿದ್ದಿದರೂ ಅಲ್ಲಿ ಉಪಯೋಗವಿಲ್ಲ. ವೈರ್‌ಗಾರ್ಡ್ ಎಂಬ ವಿಪಿಎನ್ನನ್ನು ಹೊರಗಿನ ಒಂದು ಸರ್ವರ್ ಮೂಲಕ ಹಾಯಿಸುವುದೋ, ಟೇಲ್‌ಸ್ಕೇಲ್ ಎಂಬ ಇನ್ನೊಂದು ವಿಪಿಎನ್ ಹಾಕುವುದೋ ದಾರಿ. ಸಿಜಿನ್ಯಾಟ್ ಇಲ್ಲದಿದ್ದರೂ 8096ನ್ನು ಬರಿಮೈಯಲ್ಲಿ ಇಂಟರ್ನೆಟ್ಟಿಗೆ ಬಿಡುವುದು ನನಗೆ ಸರಿ ಕಾಣುವುದಿಲ್ಲ, ಪಾಸ್‌ವರ್ಡ್ ಮುಚ್ಚುಮರೆಯಿಲ್ಲದೆ ಹೋಗುತ್ತದೆ. ಮತ್ತೆ, ಹೊರಗಿನ ಪರೀಕ್ಷೆಯನ್ನು ಮನೆಯ ವೈಫೈನಲ್ಲೇ ಮಾಡಬೇಡಿ. ಒಳಗಿನಿಂದ ಹೊರಗಿನ ವಿಳಾಸಕ್ಕೆ ಹೋದದ್ದನ್ನು ಎಲ್ಲ ರೂಟರುಗಳೂ ತಿರುಗಿಸಿ ಒಳಗೆ ಕಳಿಸುವುದಿಲ್ಲ. ಮೊಬೈಲ್ ಡೇಟಾ ಹಾಕಿಕೊಂಡು ನೋಡಿ.

ಲೈಬ್ರರಿ ಖಾಲಿ

ನನ್ನ ಭಾನುವಾರ ತಿಂದ ದೋಷ ಇದು. ಸ್ವಲ್ಪ ನಿಧಾನವಾಗಿ ಹೋಗೋಣ.

ಪ್ಯಾಕೇಜಿನಿಂದ ಹಾಕಿದ ಜೆಲ್ಲಿಫಿನ್ 'ಜೆಲ್ಲಿಫಿನ್' ಎಂಬ ಹೆಸರಿನ ಪ್ರತ್ಯೇಕ ಯೂಸರ್ ಆಗಿ ಓಡುತ್ತದೆ. ನಿಮ್ಮ ಹೋಮ್ ಫೋಲ್ಡರಿನಲ್ಲಿ ಸಿನಿಮಾ ಇಟ್ಟಿದ್ದರೆ ಅದು ಅಲ್ಲಿಗೆ ಅಪರಿಚಿತ. ಉಬುಂಟು 21.04ರಿಂದ ಹೊಸದಾಗಿ ಮಾಡುವ ಹೋಮ್ ಫೋಲ್ಡರುಗಳ ಪರ್ಮಿಶನ್ 750. ಅಂದರೆ ನಿಮಗೆ ಎಲ್ಲ ಹಕ್ಕು, ನಿಮ್ಮ ಗುಂಪಿಗೆ ಓದುವ ಹಕ್ಕು, ಮಿಕ್ಕವರಿಗೆ ಸೊನ್ನೆ. ಹಳೆಯ ಟ್ಯುಟೋರಿಯಲ್ ಬರೆದವರ ಯಂತ್ರದಲ್ಲಿ ಇದೇ ಜಾಗ ಸಲೀಸಾಗಿ ಕೆಲಸ ಮಾಡಿತ್ತು, ನಿಮ್ಮದರಲ್ಲಿ ಮಾಡುವುದಿಲ್ಲ.

ಊಹೆ ಬೇಡ, ಜೆಲ್ಲಿಫಿನ್ ವೇಷ ಹಾಕಿಕೊಂಡೇ ನೋಡಬಹುದು. ಸುಡೋ ಕಮಾಂಡಿಗೆ 'ಯು' ಆಯ್ಕೆ ಕೊಟ್ಟು, ಜೆಲ್ಲಿಫಿನ್ ಹೆಸರು ಬರೆದು, ಅದರ ಮುಂದೆ 'ಎಲ್‌ಎಸ್' ಮತ್ತು ಫೋಲ್ಡರಿನ ಪೂರ್ತಿ ಹಾದಿ. ಪಟ್ಟಿ ಬಂದರೆ ಪರ್ಮಿಶನ್ ಸರಿಯಿದೆ. 'ಪರ್ಮಿಶನ್ ಡಿನೈಡ್' ಬಂದರೆ ದೋಷ ಸಿಕ್ಕಿತು. ಎಲ್ಲಿ ತಡೆದಿದೆ ಎಂದು ತೋರಿಸಲು 'ನೇಮ್‌ಐ' ಎಂಬ ಪುಟ್ಟ ಕಮಾಂಡ್ ಇದೆ. ಅದಕ್ಕೆ 'ಎಲ್' ಆಯ್ಕೆ ಹಾಗೂ ಫೋಲ್ಡರಿನ ಹಾದಿ ಕೊಟ್ಟರೆ ಬೇರಿನಿಂದ (ಎಲ್ಲ ಫೋಲ್ಡರುಗಳ ಮೇಲಿರುವ ಮೂಲ ಫೋಲ್ಡರ್) ಶುರುಮಾಡಿ ಒಂದೊಂದು ಮೆಟ್ಟಿಲಿನ ಪರ್ಮಿಶನ್ನನ್ನೂ ಒಂದೊಂದು ಸಾಲಿನಲ್ಲಿ ಬರೆಯುತ್ತದೆ. ನನ್ನದರಲ್ಲಿ ಸಿನಿಮಾ ಫೋಲ್ಡರ್ 755 ಇತ್ತು (ಮಿಕ್ಕವರಿಗೂ ಓದುವ ಹಕ್ಕು), ಅದರ ಮೇಲಿನ ವಿಡಿಯೋಸ್ ಕೂಡ 755. ನಾನು ಆ ಎರಡನ್ನೇ ಬೆಳಿಗ್ಗೆಯಿಂದ ನೋಡಿ ನೋಡಿ ಸರಿಯಿದೆ ಅಂದುಕೊಂಡಿದ್ದೆ. ನೇಮ್‌ಐ ತೋರಿಸಿದ ಮೂರನೆಯ ಸಾಲಿನಲ್ಲಿ, ನನ್ನ ಹೆಸರಿನ ಹೋಮ್ ಫೋಲ್ಡರಿನ ಮುಂದೆ, ಕೊನೆಯ ಮೂರು ಜಾಗದಲ್ಲೂ ಬರೀ ಅಡ್ಡಗೆರೆ. ಒಳಕೋಣೆಯ ಬಾಗಿಲು ತೆರೆದಿಟ್ಟು ಬೀದಿಬಾಗಿಲಿಗೆ ಚಿಲಕ ಹಾಕಿದ್ದೆ.

ಫೋಲ್ಡರುಗಳ ವಿಷಯದಲ್ಲಿ 'ಎಕ್ಸ್' ಅಂದರೆ ದಾಟಿ ಹೋಗುವ ಅನುಮತಿ. ಒಳಗಿನ ಫೈಲನ್ನು ಓದಬೇಕಾದರೆ ದಾರಿಯಲ್ಲಿರುವ ಪ್ರತಿಯೊಂದು ಫೋಲ್ಡರಿನಲ್ಲೂ ಅದು ಇರಬೇಕು, ಒಂದರಲ್ಲಿ ತಪ್ಪಿದರೂ ಮುಂದಿನದೆಲ್ಲ ಕತ್ತಲು. ಪರಿಹಾರಕ್ಕೆ ಎರಡು ದಾರಿ. ಸಿನಿಮಾಗಳನ್ನು ಹೋಮ್‌ನಿಂದ ಹೊರಗೆ, ಬೇರಿನ ಕೆಳಗಿನ 'ಎಸ್‌ಆರ್‌ವಿ' ಫೋಲ್ಡರಿಗೆ ಸಾಗಿಸಿ ಅಲ್ಲಿ ಎಲ್ಲರಿಗೂ ಓದುವ ಅನುಮತಿ ಕೊಡುವುದು. ನನಗೆ ಇದೇ ಹಿತ. ಇಲ್ಲವೇ 'ಸೆಟ್‌ಎಫ್‌ಎಸಿಎಲ್' ಬಳಸಿ ಹೋಮ್ ಫೋಲ್ಡರನ್ನು ದಾಟುವ ಹಕ್ಕನ್ನು ಜೆಲ್ಲಿಫಿನ್ ಒಬ್ಬನಿಗೆ ಮಾತ್ರ ಕೊಡುವುದು. ಕೇಳಿದಲ್ಲೆಲ್ಲ '777 (ಎಲ್ಲರಿಗೂ ಎಲ್ಲ ಹಕ್ಕು) ಕೊಟ್ಟುಬಿಡಿ' ಎನ್ನುವವರು ಸಿಗುತ್ತಾರೆ. ಹೋಮ್ ಫೋಲ್ಡರಿಗೆ 777 ಕೊಟ್ಟರೆ ಲೈಬ್ರರಿ ತುಂಬುತ್ತದೆ, ನಿಜ. ಜೊತೆಗೆ ಯಂತ್ರದಲ್ಲಿರುವ ಎಲ್ಲ ಪ್ರೋಗ್ರಾಮುಗಳಿಗೂ ನಿಮ್ಮ ಫೋಲ್ಡರಿನಲ್ಲಿ ಅಳಿಸುವ ಹಕ್ಕು ಸಿಗುತ್ತದೆ, ದೂರದಿಂದ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್ ಸರ್ವರ್ ಅಂಥ ಹೋಮ್‌ನ ಕೀಲಿಗಳನ್ನು ನಂಬುವುದಿಲ್ಲ ಎಂದು ಕೂತುಬಿಡುತ್ತದೆ. ಜೆಲ್ಲಿಫಿನ್‌ಗೆ ಓದುವ ಅನುಮತಿ ಸಾಕು. ಪೋಸ್ಟರ್, ಸಿನಿಮಾದ ವಿವರ ಇರುವ ಎನ್‌ಎಫ್‌ಒ ಫೈಲುಗಳನ್ನು ಸಿನಿಮಾ ಪಕ್ಕದಲ್ಲೇ ಉಳಿಸು ಎಂದು ಹೇಳಿದ್ದರೆ ಅಥವಾ ಆ್ಯಪಿನಿಂದಲೇ ಫೈಲ್ ಅಳಿಸುವ ಆಸೆ ಇದ್ದರೆ ಮಾತ್ರ ಬರೆಯುವ ಅನುಮತಿ ಬೇಕು.

ಹೊರಗಿನ ಹಾರ್ಡ್ ಡಿಸ್ಕ್ ಚುಚ್ಚಿದವರದು ಇದೇ ರೋಗದ ಇನ್ನೊಂದು ರೂಪ. ಡೆಸ್ಕ್‌ಟಾಪಿನಲ್ಲಿ ಡಿಸ್ಕ್ ಚುಚ್ಚಿದ ತಕ್ಷಣ ತಾನಾಗಿ ತೆರೆದುಕೊಳ್ಳುತ್ತದಲ್ಲ, ಅದು ಲಾಗಿನ್ ಆದ ನಿಮಗೆಂದೇ ತೆರೆದದ್ದು. 'ಮೀಡಿಯಾ' ಫೋಲ್ಡರಿನೊಳಗೆ ನಿಮ್ಮ ಹೆಸರಿನ ಫೋಲ್ಡರ್ ಆಗುತ್ತದೆ, ಬೇರೆಯವರಿಗೆ ಅಲ್ಲಿ ಪ್ರವೇಶವಿಲ್ಲ. ನೀವು ಲಾಗಿನ್ ಆಗುವವರೆಗೆ ಡಿಸ್ಕ್ ಮೌಂಟೇ (ಫೋಲ್ಡರ್ ವ್ಯವಸ್ಥೆಗೆ ಜೋಡಣೆ) ಆಗಿರುವುದಿಲ್ಲ. ಡಿಸ್ಕನ್ನು 'ಎಫ್‌ಎಸ್‌ಟ್ಯಾಬ್' ಫೈಲಿನಲ್ಲಿ ಬರೆದು ಕಾಯಂ ಜಾಗ ಕೊಡಿ. ಹೆಸರಿನ ಬದಲು 'ಬಿಎಲ್‌ಕೆಐಡಿ' ಕಮಾಂಡ್ ಹೇಳುವ ಯುಯುಐಡಿ ಬರೆಯಿರಿ, ಚುಚ್ಚುವ ಕ್ರಮ ಬದಲಾದರೆ ಹೆಸರು ಬದಲಾಗುತ್ತದೆ. 'ನೋಫೇಲ್' ಆಯ್ಕೆ ಮರೆಯಬೇಡಿ. ಅದಿಲ್ಲದೆ ಡಿಸ್ಕ್ ಕಿತ್ತಿಟ್ಟ ದಿನ ಯಂತ್ರ ಬೂಟ್ ಆಗುವಾಗಲೇ ಎಡವಿ ನಿಲ್ಲುತ್ತದೆ. ಡಿಸ್ಕ್ ವಿಂಡೋಸ್ ಮಾದರಿಯ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಆಗಿದ್ದರೆ ಪರ್ಮಿಶನ್ ಬದಲಿಸುವ 'ಸಿಎಚ್‌ಮೋಡ್' ಎಷ್ಟು ಕೊಟ್ಟರೂ ಸಾಮಾನ್ಯವಾಗಿ ಏನೂ ಬದಲಾಗುವುದಿಲ್ಲ, ಅಲ್ಲಿನ ಹಕ್ಕುಗಳನ್ನು ಮೌಂಟ್ ಮಾಡುವಾಗ ಯುಐಡಿ, ಜಿಐಡಿ, ಯುಮಾಸ್ಕ್ ಆಯ್ಕೆಗಳಲ್ಲಿ ಹೇಳಬೇಕು.

ವಿಂಡೋಸಿನವರಿಗೂ ಇದೇ ಕಣ್ಣುಕಟ್ಟು. ನೆಟ್‌ವರ್ಕಿನ ಡ್ರೈವನ್ನು ನೀವು ಝಡ್ ಅಕ್ಷರಕ್ಕೆ ಜೋಡಿಸಿರುತ್ತೀರಿ. ಆ ಅಕ್ಷರ ನಿಮ್ಮ ಲಾಗಿನ್‌ಗೆ ಮಾತ್ರ ಸೇರಿದ್ದು. ಜೆಲ್ಲಿಫಿನ್ ಸರ್ವಿಸ್ ಆಗಿ ಓಡುತ್ತಿದ್ದರೆ ಅದರ ಮಟ್ಟಿಗೆ ಝಡ್ ಎಂಬ ಡ್ರೈವೇ ಇಲ್ಲ. ಎರಡು ಓರೆಗೆರೆಯಿಂದ ಶುರುವಾಗುವ ಪೂರ್ತಿ ನೆಟ್‌ವರ್ಕ್ ಹಾದಿ ಕೊಡಿ, ಆ ಶೇರ್ ಓದುವ ಹಕ್ಕು ಸರ್ವಿಸ್ ಓಡುವ ಖಾತೆಗೂ ಇರಲಿ.

ಡಾಕರ್‌ನಲ್ಲಿ ಗೊಂದಲ ಇನ್ನೊಂದು ಸುತ್ತು ಹೆಚ್ಚು. ವಾಲ್ಯೂಮ್ ಸಾಲಿನಲ್ಲಿ ಕೋಲನ್ನಿನ ಎಡಕ್ಕೆ ಇರುವುದು ನಿಮ್ಮ ಯಂತ್ರದ ಹಾದಿ, ಬಲಕ್ಕೆ ಇರುವುದು ಕಂಟೈನರಿನೊಳಗಿನ ಹಾದಿ. ಜೆಲ್ಲಿಫಿನ್‌ಗೆ ಎಡಗಡೆಯದ್ದು ಗೊತ್ತೇ ಇಲ್ಲ, ಲೈಬ್ರರಿ ಸೇರಿಸುವಾಗ ಬಲಗಡೆಯದ್ದನ್ನು ಕೊಡಬೇಕು. ಇದಕ್ಕಿಂತ ಸೂಕ್ಷ್ಮವಾದದ್ದು ಒಂದಿದೆ: ಎಡಗಡೆಯ ಹಾದಿಯಲ್ಲಿ ಒಂದಕ್ಷರ ತಪ್ಪು ಬರೆದರೂ ಡಾಕರ್ ತಕರಾರು ಮಾಡುವುದಿಲ್ಲ. ಆ ತಪ್ಪು ಹೆಸರಿನಲ್ಲೇ ಹೊಸ ಖಾಲಿ ಫೋಲ್ಡರ್ ಮಾಡಿ ಜೋಡಿಸಿಬಿಡುತ್ತದೆ. 'ಮೂವೀಸ್' ಬದಲು ಕೊನೆಯ 'ಎಸ್' ಬಿಟ್ಟು 'ಮೂವೀ' ಎಂದು ಬರೆದು ಖಾಲಿ ಫೋಲ್ಡರನ್ನು ಶ್ರದ್ಧೆಯಿಂದ ಸ್ಕ್ಯಾನ್ ಮಾಡಿಸಿದ ಪುಣ್ಯ ನನ್ನದೂ ಇದೆ. ಇಲ್ಲೂ ಪರೀಕ್ಷೆ ಅದೇ, ಒಳಗೆ ನಿಂತು ನೋಡುವುದು: 'ಡಾಕರ್ ಎಕ್ಸೆಕ್', ಕಂಟೈನರಿನ ಹೆಸರು, 'ಎಲ್‌ಎಸ್', ಬಲಗಡೆಯ ಹಾದಿ. ಕಂಟೈನರ್ ಎದ್ದ ಮೇಲೆ ಡಿಸ್ಕ್ ಮೌಂಟ್ ಆಗಿದ್ದರೂ ಒಳಗೆ ಖಾಲಿ ಕಾಣುವುದುಂಟು, ಕಂಟೈನರನ್ನು ಒಮ್ಮೆ ರೀಸ್ಟಾರ್ಟ್ ಮಾಡಿದರೆ ಕಾಣುತ್ತದೆ. ಫೆಡೋರಾದಂಥ ಎಸ್‌ಇಲಿನಕ್ಸ್ ಎಂಬ ಹೆಚ್ಚುವರಿ ಕಾವಲು ಇರುವ ಯಂತ್ರಗಳಲ್ಲಿ ಪರ್ಮಿಶನ್ ಎಲ್ಲ ಸರಿಯಿದ್ದೂ ನಿರಾಕರಣೆ ಬಂದರೆ ವಾಲ್ಯೂಮ್ ಸಾಲಿನ ಕೊನೆಗೆ ಕೋಲನ್ ಮತ್ತು ಸಣ್ಣ ಝಡ್ ಅಕ್ಷರ ಸೇರಿಸಬೇಕಾಗುತ್ತದೆ.

ಇನ್ನು, ಮೊದಲ ಸ್ಕ್ಯಾನಿನಲ್ಲಿ ಎಲ್ಲ ಬಂದು ಆಮೇಲೆ ಹಾಕಿದ ಫೈಲುಗಳು ಮಾತ್ರ ಬರುತ್ತಿಲ್ಲವೇ? ಹೊಸ ಫೈಲಿನ ಸುಳಿವು ಲಿನಕ್ಸಿನ ಐನೋಟಿಫೈ ಮೂಲಕ ಸಿಗುತ್ತದೆ. ನೆಟ್‌ವರ್ಕ್ ಶೇರಿನ ಮೇಲೆ ಬೇರೆ ಯಂತ್ರ ಫೈಲ್ ಹಾಕಿದರೆ ಆ ಸುಳಿವು ಬರುವುದೇ ಇಲ್ಲ. ಸ್ಕ್ಯಾನ್ ಕೈಯಾರೆ ಒತ್ತಿ, ಇಲ್ಲವೇ ವೇಳಾಪಟ್ಟಿ ಹಾಕಿ. ಸ್ಥಳೀಯ ಡಿಸ್ಕಿನಲ್ಲೇ ಹೀಗಾದರೆ ವಾಚ್ ಮಿತಿ (ಎಷ್ಟು ಫೋಲ್ಡರುಗಳ ಮೇಲೆ ಕಣ್ಣಿಡಬಹುದು ಎಂಬ ಲೆಕ್ಕ) ಮುಗಿದಿರಬಹುದು. ಹಳೆಯ ಲಿನಕ್ಸ್ ಕರ್ನೆಲ್‌ಗಳಲ್ಲಿ ಆ ಮಿತಿ ಬರೀ 8192, ದೊಡ್ಡ ಸಂಗೀತ ಸಂಗ್ರಹವೊಂದೇ ಅದನ್ನು ನುಂಗುತ್ತದೆ. 5.11ರಿಂದ ಈಚಿನ ಕರ್ನೆಲ್ ಮೆಮೊರಿ ನೋಡಿಕೊಂಡು ತಾನೇ ಹೆಚ್ಚಿಸಿಕೊಳ್ಳುತ್ತದೆ.

ಫೈಲು ಬಂತು, ಆದರೆ ಪೋಸ್ಟರ್ ಬೇರೆ ಸಿನಿಮಾದ್ದು ಎನ್ನುವುದಕ್ಕೆ ಹೆಚ್ಚು ಜಾಗ ಬೇಡ. ಪ್ರತಿ ಸಿನಿಮಾಗೆ ಒಂದು ಫೋಲ್ಡರ್, ಹೆಸರಿನ ಮುಂದೆ ಆವರಣದಲ್ಲಿ ವರ್ಷ. ಧಾರಾವಾಹಿಗಳಿಗೆ 'ಸೀಸನ್ 01' ಫೋಲ್ಡರ್, ಫೈಲಿನ ಹೆಸರಿನಲ್ಲಿ ಎಸ್ 01 ಇ 05 ಎಂಬ ಗುರುತು, ಮಧ್ಯೆ ಜಾಗ ಬಿಡದೆ. ಲೈಬ್ರರಿ ಮಾಡುವಾಗ 'ಮೂವೀಸ್' ಬದಲು 'ಶೋಸ್' ಆರಿಸಿದ್ದರೆ ಹೆಸರು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ, ಲೈಬ್ರರಿಯನ್ನೇ ಮತ್ತೆ ಮಾಡಿ. ಲೈಬ್ರರಿ ತೆಗೆದರೆ ಫೈಲುಗಳು ಅಳಿಯುವುದಿಲ್ಲ.

ಪ್ಲೇ ಒತ್ತಿದರೆ ಚಕ್ರ ಸುತ್ತುತ್ತಲೇ ಇದೆ

ಈಗ ನೋಡುಗನ ಕಡೆಯಿಂದ ನೋಡಬೇಕು. ಫೈಲು ನಿಮ್ಮ ಕಂಪ್ಯೂಟರಿನ ವಿಎಲ್‌ಸಿಯಲ್ಲಿ ಸೊಗಸಾಗಿ ಓಡುತ್ತದೆ ಎನ್ನುವುದು ಇಲ್ಲಿ ಸಾಕ್ಷಿಯೇ ಅಲ್ಲ. ವಿಎಲ್‌ಸಿ ಏನು ಕೊಟ್ಟರೂ ಜೀರ್ಣಿಸಿಕೊಳ್ಳುತ್ತದೆ, ಬ್ರೌಸರಿನ ಹೊಟ್ಟೆ ಅಷ್ಟು ಗಟ್ಟಿಯಲ್ಲ. ವಿಡಿಯೋ ಎಚ್.264, ಆಡಿಯೋ ಎಎಸಿ ಎಂಬ ಕೋಡೆಕ್‌ನಲ್ಲಿ (ಹಿಂಡಿ ಕಟ್ಟುವ ವಿಧಾನ) ಇದ್ದರೆ ಬಹುತೇಕ ಎಲ್ಲ ಕಡೆ ನೇರ ಓಡುತ್ತದೆ. ಡಿಟಿಎಸ್, ಟ್ರೂಎಚ್‌ಡಿ ಆಡಿಯೋ ಬ್ರೌಸರಿಗೆ ಆಗಿಬರುವುದಿಲ್ಲ. ಎಚ್.264ಯೇ ಆದರೂ 10 ಬಿಟ್ ಆಗಿದ್ದರೆ ಹೆಚ್ಚಿನ ಹಾರ್ಡ್‌ವೇರ್ ಡಿಕೋಡರುಗಳು ಕೈಯೆತ್ತುತ್ತವೆ. ಆಗ ಸರ್ವರ್ ಎಫ್‌ಎಫ್‌ಎಂಪೆಗ್ ಕರೆದು, ಓಡುತ್ತಿರುವಾಗಲೇ ಬೇರೆ ರೂಪಕ್ಕೆ ತಿರುಗಿಸಿ ಕಳಿಸುತ್ತದೆ. ಅದೇ ಟ್ರಾನ್ಸ್‌ಕೋಡಿಂಗ್, ಯಂತ್ರದ ಬೆವರು ಇಳಿಸುವ ಕೆಲಸ.

ವಿಡಿಯೋ ಓಡುವಾಗ ಗೇರ್ ಗುರುತು ಒತ್ತಿ 'ಪ್ಲೇಬ್ಯಾಕ್ ಇನ್ಫೋ' ತೆರೆಯಿರಿ. ಡೈರೆಕ್ಟ್ ಪ್ಲೇ ಎಂದಿದ್ದರೆ ಫೈಲು ಇದ್ದ ಹಾಗೇ ಹೋಗುತ್ತಿದೆ. ತಡವರಿಸಿದರೆ ನೆಟ್‌ವರ್ಕನ್ನೋ ಡಿಸ್ಕನ್ನೋ ಅನುಮಾನಿಸಿ. ಟ್ರಾನ್ಸ್‌ಕೋಡಿಂಗ್ ಎಂದಿದ್ದರೆ ಅದರ ಕೆಳಗೇ ಕಾರಣವನ್ನೂ ಬರೆದಿರುತ್ತದೆ. ಆಡಿಯೋ ಮಾತ್ರ ಬದಲಾಗುತ್ತಿದ್ದರೆ ಹಗುರ, ತಲೆ ಕೆಡಿಸಿಕೊಳ್ಳಬೇಕಿಲ್ಲ. ವಿಡಿಯೋ ಕೋಡೆಕ್ ಕಾರಣವಾದರೆ ಭಾರ. ಆದರೆ ಜನ ಎಡವುವುದು ಇವೆರಡರಲ್ಲೂ ಅಲ್ಲ, ಸಬ್‌ಟೈಟಲ್ಲಿನಲ್ಲಿ. ಬ್ಲೂರೇಯಿಂದ ಬಂದ ಪಿಜಿಎಸ್ ಸಬ್‌ಟೈಟಲ್ ಅಕ್ಷರಗಳಲ್ಲ, ಚಿತ್ರಗಳು. ಎಷ್ಟೋ ಆ್ಯಪುಗಳಿಗೆ ಅದನ್ನು ಮೇಲೆ ಹಾಸುವುದು ಬರುವುದಿಲ್ಲ. ಸರ್ವರ್ ಪ್ರತಿ ಫ್ರೇಮನ್ನೂ ಬಿಚ್ಚಿ, ಚಿತ್ರವನ್ನು ಅದರ ಮೇಲೆ ಸುಟ್ಟು, ಮತ್ತೆ ಕಟ್ಟಿ ಕಳಿಸಬೇಕಾಗುತ್ತದೆ. ಸಬ್‌ಟೈಟಲ್ ಆಫ್ ಮಾಡಿದ ಕೂಡಲೇ ಸಿನಿಮಾ ನೀರಿನ ಹಾಗೆ ಹರಿದರೆ ಕಾರಣ ಅದೇ. ಎಸ್‌ಆರ್‌ಟಿ ರೂಪದ ಸಬ್‌ಟೈಟಲ್ ಪಕ್ಕದಲ್ಲಿಡಿ. ಆ್ಯಪಿನ ಕ್ವಾಲಿಟಿ ಸೆಟ್ಟಿಂಗೂ ನೋಡಿ: ಅಲ್ಲಿ ಯಾವತ್ತೋ ಕಡಿಮೆ ಬಿಟ್‌ರೇಟ್ ಆರಿಸಿ ಮರೆತಿದ್ದರೆ ನೇರ ಓಡಬಹುದಾದದ್ದೂ ಟ್ರಾನ್ಸ್‌ಕೋಡ್ ಆಗುತ್ತದೆ.

ಟ್ರಾನ್ಸ್‌ಕೋಡ್ ಆಗಲೇಬೇಕು ಎಂದಾದರೆ ಯಂತ್ರ ಸಾಕಾಗುತ್ತಿದೆಯೇ ಎಂದು ಡ್ಯಾಶ್‌ಬೋರ್ಡಿನ ಲಾಗ್ ಪುಟದಲ್ಲಿ ನೋಡಬಹುದು. ಎಫ್‌ಎಫ್‌ಎಂಪೆಗ್ ಟ್ರಾನ್ಸ್‌ಕೋಡ್ ಎಂಬ ಹೆಸರಿನಿಂದ ಶುರುವಾಗುವ ಫೈಲುಗಳಿರುತ್ತವೆ, ಒಂದೊಂದು ಪ್ಲೇಗೂ ಒಂದೊಂದು. ಹೊಸದನ್ನು ತೆರೆದು ಕೆಳಗೆ ಹೋಗಿ. ಫ್ರೇಮ್, ಎಫ್‌ಪಿಎಸ್, ಸೈಜ್ ಎಂದು ಸಾಲುಗಳು ಓಡಿರುತ್ತವೆ, ಪ್ರತಿ ಸಾಲಿನ ಕೊನೆಗೆ 'ಸ್ಪೀಡ್'. ಅದು 1ಕ್ಕಿಂತ ಮೇಲಿದ್ದರೆ ಸರ್ವರ್ ನೋಡುಗನಿಗಿಂತ ಮುಂದಿದೆ. 0.62 ಎಂದಿದ್ದರೆ ಹತ್ತು ನಿಮಿಷದ ಸಿನಿಮಾ ತಯಾರಿಸಲು ಹದಿನಾರು ನಿಮಿಷ ಬೇಕು ಎಂದರ್ಥ. ಎಂಥ ಇಂಟರ್ನೆಟ್ ತಂದರೂ ಚಕ್ರ ಸುತ್ತಲೇಬೇಕು. ನಾನು ಲಾಗ್‌ಗಳಲ್ಲಿ ಮೊದಲು ಹುಡುಕುವುದು ಈ ಒಂದು ಸಂಖ್ಯೆಯನ್ನು.

ಗ್ರಾಫಿಕ್ಸ್ ಚಿಪ್ಪಿಗೆ ಕೆಲಸ ವಹಿಸಿದರೆ ಆ ಸಂಖ್ಯೆ ಏರುತ್ತದೆ, ಚಿಪ್ಪು ಸರ್ವರ್‌ಗೆ ಕಂಡರೆ. ಮತ್ತೆ ಅದೇ ರಾಗ. ಇಂಟೆಲ್, ಎಎಂಡಿ ಚಿಪ್ಪುಗಳ ಬಾಗಿಲು 'ಡೆವ್' ಕೆಳಗಿನ 'ಡಿಆರ್‌ಐ' ಫೋಲ್ಡರಿನ 'ರೆಂಡರ್ ಡಿ 128' ಎಂಬ ಫೈಲು. ಅದನ್ನು ತೆರೆಯಲು ಜೆಲ್ಲಿಫಿನ್ ಯೂಸರ್ 'ರೆಂಡರ್' ಗುಂಪಿನಲ್ಲಿರಬೇಕು. ಗುಂಪಿಗೆ ಸೇರಿಸಿದ ಮೇಲೆ ಸರ್ವಿಸ್ ರೀಸ್ಟಾರ್ಟ್ ಮಾಡಿ, ಓಡುತ್ತಿರುವ ಪ್ರೋಗ್ರಾಮಿಗೆ ಹೊಸ ಗುಂಪು ತಾನಾಗಿ ತಿಳಿಯುವುದಿಲ್ಲ. ಡಾಕರ್‌ನಲ್ಲಾದರೆ ಆ ಡಿವೈಸನ್ನು ಒಳಗೆ ಕಳಿಸಬೇಕು, ರೆಂಡರ್ ಗುಂಪನ್ನು ಹೆಸರಿನ ಬದಲು ಸಂಖ್ಯೆಯಿಂದ ಕೊಡಬೇಕು. ಒಳಗೂ ಹೊರಗೂ ಗುಂಪಿನ ಹೆಸರು ಒಂದೇ ಸಂಖ್ಯೆಗೆ ಹೊಂದಬೇಕೆಂದಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಕೋಡೆಕ್‌ಗಳ ಸಾಲುಸಾಲು ಚೌಕಗಳಿವೆ. ಎಲ್ಲಕ್ಕೂ ಟಿಕ್ ಹಾಕುವ ಆಸೆ ಬರುತ್ತದೆ, ಹಾಕಬೇಡಿ. ಚಿಪ್ಪಿಗೆ ಬಾರದ ಕೋಡೆಕ್ಕಿಗೆ ಟಿಕ್ ಇದ್ದರೆ ಎಫ್‌ಎಫ್‌ಎಂಪೆಗ್ ಅದನ್ನೇ ನಂಬಿ ಹೋಗಿ ಬೀಳುತ್ತದೆ. ಇಂಟೆಲ್‌ನಲ್ಲಿ 10 ಬಿಟ್ ಎಚ್‌ಇವಿಸಿ ಡಿಕೋಡ್ ಪೂರ್ತಿಯಾಗಿ ಬಂದದ್ದು 7ನೇ ತಲೆಮಾರಿನ ಕೇಬಿ ಲೇಕ್‌ನಿಂದ, ಎವಿ1 ಡಿಕೋಡ್ 11ನೇ ತಲೆಮಾರಿನ ಟೈಗರ್ ಲೇಕ್‌ನಿಂದ. 'ವಿಎ ಇನ್ಫೋ' ಕಮಾಂಡ್ ನಿಮ್ಮ ಚಿಪ್ಪಿಗೆ ಬರುವುದನ್ನು ಪಟ್ಟಿ ಮಾಡುತ್ತದೆ, ಅದನ್ನು ನೋಡಿ ಟಿಕ್ ಹಾಕಿ.

ಎಫ್‌ಎಫ್‌ಎಂಪೆಗ್ ಬಿದ್ದಾಗ ಪರದೆಯ ಮೇಲೆ ಬರುವ ಸಂದೇಶ ಎಷ್ಟೋ ಸಲ ದಾರಿ ತಪ್ಪಿಸುತ್ತದೆ. ಈ ಕ್ಲೈಂಟ್ ಈ ಮೀಡಿಯಾಗೆ ಹೊಂದುವುದಿಲ್ಲ ಎನ್ನುತ್ತದೆ. ಜನ ಕ್ಲೈಂಟ್ ಬದಲಾಯಿಸಲು ಓಡುತ್ತಾರೆ. ಆ ಸಂದೇಶದ ಹಿಂದೆ ಫೈಲ್ ಓದಲಾಗದ ಪರ್ಮಿಶನ್, ಚಿಪ್ಪಿಗೆ ಬಾರದಿದ್ದರೂ ಟಿಕ್ ಹಾಕಿದ ಕೋಡೆಕ್, ತುಂಬಿಹೋದ ಡಿಸ್ಕ್, ಏನು ಬೇಕಾದರೂ ಇರಬಹುದು. ಟ್ರಾನ್ಸ್‌ಕೋಡ್ ಆದ ತುಣುಕುಗಳು ಕೂರುವ ಫೋಲ್ಡರ್ ಸಿಸ್ಟಮ್ ಡಿಸ್ಕಿನಲ್ಲೇ ಇರುತ್ತದೆ, ದೊಡ್ಡ ಸಿನಿಮಾಗೆ ಹಲವು ಜಿಬಿ ಬೇಕು. ಎಫ್‌ಎಫ್‌ಎಂಪೆಗ್ ಲಾಗ್‌ನ ಕೊನೆಯ ಹತ್ತು ಸಾಲು ಓದಿದರೆ ನಿಜ ಸಿಗುತ್ತದೆ.

ಡೈರೆಕ್ಟ್ ಪ್ಲೇ, ಆದರೂ ತಡವರಿಕೆ

ಹಾರ್ಡ್ ಡಿಸ್ಕ್ ನಿದ್ದೆಯಿಂದ ಏಳಲು ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ, ಮೊದಲ ಸಲದ ಆ ತಡ ದೋಷವಲ್ಲ. ಮಧ್ಯೆ ಮಧ್ಯೆ ನಿಲ್ಲುತ್ತಿದ್ದರೆ ದಾರಿಯನ್ನು ಅಳೆಯಿರಿ. ನೆಟ್‌ವರ್ಕ್ ವೇಗ ಅಳೆಯುವ 'ಐಪರ್ಫ್3' ಸರ್ವರಿನಲ್ಲೊಂದು, ಇನ್ನೊಂದು ಲ್ಯಾಪ್‌ಟಾಪಿನಲ್ಲೊಂದು ಹಾಕಿ ಓಡಿಸಿ. ಇಂಟರ್ನೆಟ್ ಸ್ಪೀಡ್ ಟೆಸ್ಟ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಸಿನಿಮಾ ಮನೆಯೊಳಗೇ ಓಡಾಡುತ್ತಿದೆ. ಸಿನಿಮಾದ ಬಿಟ್‌ರೇಟ್ ಪಕ್ಕದಲ್ಲಿಟ್ಟು ಹೋಲಿಸಿ. ಸರಾಸರಿ 60 ಎಂಬಿಪಿಎಸ್ ಇರುವ 4ಕೆ ಫೈಲು ಗದ್ದಲದ ದೃಶ್ಯಗಳಲ್ಲಿ 100 ದಾಟುವುದುಂಟು. ಬಹಳಷ್ಟು ಟಿವಿಗಳ ಲ್ಯಾನ್ ಕಿಂಡಿಯೇ 100 ಎಂಬಿಪಿಎಸ್‌ನದ್ದು, ಅಂಥ ಕಡೆ ಒಳ್ಳೆಯ 5 ಗಿಗಾಹರ್ಟ್ಸ್ ವೈಫೈ ತಂತಿಗಿಂತ ವೇಗ.

ನನ್ನ ಸರ್ವರಿನಲ್ಲಿ ಒಮ್ಮೆ ಐಪರ್ಫ್ 94ರ ಮೇಲೆ ಏರಲೇ ಇಲ್ಲ. ಗಿಗಾಬಿಟ್ ರೂಟರ್, ಗಿಗಾಬಿಟ್ ಕಾರ್ಡ್. 'ಈಥ್‌ಟೂಲ್' ಕಮಾಂಡಿಗೆ ಕಾರ್ಡಿನ ಹೆಸರು ಕೊಟ್ಟು ನೋಡಿದರೆ ಸ್ಪೀಡ್ ಎಂಬ ಸಾಲಿನಲ್ಲಿ 1000 ಇರಬೇಕಾದಲ್ಲಿ 100. ಗಿಗಾಬಿಟ್ಟಿಗೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಮಿಕ್ಕ ಎರಡು ಜೋಡಿಯಲ್ಲಿ ಒಂದು ತಂತಿ ತುಂಡಾದರೂ ಎರಡು ತುದಿಯ ಯಂತ್ರಗಳು ಸದ್ದಿಲ್ಲದೆ 100ಕ್ಕೆ ಒಪ್ಪಂದ ಮಾಡಿಕೊಳ್ಳುತ್ತವೆ, ಯಾವ ಲಾಗೂ ಇದನ್ನು ದೋಷ ಎನ್ನುವುದಿಲ್ಲ. ಕೇಬಲ್ ಎಳೆದು ಬೆಳಕಿಗೆ ಹಿಡಿದಾಗ ಪಾರದರ್ಶಕ ಪ್ಲಗ್ಗಿನೊಳಗೆ ಕಂದು ತಂತಿ ಉಳಿದವುಗಳಿಗಿಂತ ಒಂದಿಷ್ಟು ಹಿಂದೆ ಸರಿದಿತ್ತು, ಲೋಹದ ಹಲ್ಲಿಗೆ ತಾಗಿರಲಿಲ್ಲ. ಬೇರೆ ಕೇಬಲ್ ಹಾಕಿ ಈಥ್‌ಟೂಲ್ ಮತ್ತೆ ಓಡಿಸಿದೆ, 1000 ಬಂತು. ಟಿವಿಯ ಮುಂದೆ ಕೂತಿದ್ದವರಿಗೆ ಇದೇನೂ ಗೊತ್ತಿಲ್ಲ, ನಿಂತಿದ್ದ ದೃಶ್ಯ ಮುಂದಕ್ಕೆ ಹೋಯಿತು.